ನೆಲದಡಿ ರೈಲು, ಮನೆಯೊಳಗೆ ಸಪ್ಪಳ: ಓದುಗರ ಪ್ರಶ್ನೆಗಳಿಗೆ ಉತ್ತರ

ಬೆಳಗಾವಿ, ಬಾಗಲಕೋಟೆ, ವಿಜಯಪುರಗಳಲ್ಲಿ ಸುರಂಗ ಮೆಟ್ರೊ ಇಲ್ಲ. ಆದರೂ ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಅದರ ಬಗ್ಗೆಯೇ. ಈ ಭಾಗದ ಮಕ್ಕಳು ಪುಣೆ, ಮುಂಬೈ, ಬೆಂಗಳೂರಿನಲ್ಲಿ ಮನೆ ಮಾಡುತ್ತಿದ್ದಾರೆ, ಇಲ್ಲಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದವರು ಆ ಊರುಗಳ ಸುರಂಗದ ಕೆಲಸಕ್ಕೆ ಹೋಗುತ್ತಿದ್ದಾರೆ. ಆಯ್ದ ಆರು ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ಪುಣೆದಾಗ ಮಗಳು ಫ್ಲ್ಯಾಟ್ ನೋಡ್ಯಾಳ್ರಿ. ಮೆಟ್ರೊ ಸುರಂಗ ಹತ್ತರನ ಐತಿ. ‘ಕೆಳಗ ಎಲ್ಲಾ ಕರಿಕಲ್ಲು, ಏನೂ ನಡುಗೂದಿಲ್ಲ’ ಅಂತ ಏಜೆಂಟ್ ಹೇಳ್ತಾನ. ಖರೇ ಏನು? ಮೊದಲ ಲೆಕ್ಕಾ ಹಾಕಾಕ ಬರ್ತೈತೇನು? (ಗೋಕಾಕದ ಓದುಗರು)

ಉತ್ತರ: ಏಜೆಂಟ್ ಹೇಳಿದ್ದು ಅರ್ಧ ಖರೆ. ಕರಿಕಲ್ಲಿನಲ್ಲಿ ನಡುಕ ಕಡಿಮೆ, ಆದರೆ ಸಪ್ಪಳ ಹೆಚ್ಚಾಗಬಹುದು. ಇವೆರಡೂ ಬೇರೆ ಬೇರೆ.

ಚಕ್ರ ಹಳಿಯ ಮೇಲೆ ಉರುಳುವಾಗ ಹುಟ್ಟುವ ಕಂಪನ ಸುರಂಗದ ಗೋಡೆ ದಾಟಿ, ನೆಲದಲ್ಲಿ ಹಾದು, ಅಡಿಪಾಯಕ್ಕೆ ಬರುತ್ತದೆ. ಕಂಪನ ಸೆಕೆಂಡಿಗೆ ಎಷ್ಟು ಸಲ ಅನ್ನುವ ಲೆಕ್ಕಕ್ಕೆ ಹರ್ಟ್ಸ್ ಅನ್ನುತ್ತಾರೆ. ಆ ಕಂಪನದಲ್ಲಿ 1ರಿಂದ 80 ಹರ್ಟ್ಸ್‌ವರೆಗಿನ ಭಾಗ ಮೈಗೆ ತಿಳಿಯುವ ನಡುಕ. ಸುಮಾರು 16ರಿಂದ 250 ಹರ್ಟ್ಸ್‌ವರೆಗಿನ ಭಾಗ ಗೋಡೆ ಮತ್ತು ಸ್ಲ್ಯಾಬನ್ನು ಸ್ಪೀಕರಿನ ಪರದೆಯಂತೆ ಅಲುಗಿಸಿ ಕೋಣೆಯೊಳಗಿನ ಗಾಳಿಗೆ ಗುಂಯ್ ಅನ್ನಿಸುತ್ತದೆ. ಈ ಸಪ್ಪಳ ಹೊರಗಿನಿಂದ ಗಾಳಿಯಲ್ಲಿ ಬಂದದ್ದಲ್ಲವಾದ್ದರಿಂದ ಕಿಟಕಿ ಮುಚ್ಚಿದರೆ ಹೋಗುವುದಿಲ್ಲ. ಬೀದಿಯ ಗದ್ದಲ ಹೊರಗೇ ಉಳಿದು, ಅದು ಇನ್ನೂ ಸ್ಪಷ್ಟವಾಗಿ ಕೇಳುತ್ತದೆ.

ಲೆಕ್ಕ ಹಾಕಲು ಬರುತ್ತದೆ. ಅಮೆರಿಕದ ಫೆಡರಲ್ ಟ್ರಾನ್ಸಿಟ್ ಅಡ್ಮಿನಿಸ್ಟ್ರೇಷನ್ 2018ರ ಕೈಪಿಡಿಯಲ್ಲಿ ಕೊಟ್ಟ ಸಾಮಾನ್ಯ ವಿಧಾನಕ್ಕೆ ಒಂದು ಕಾಗದ ಸಾಕು. ಅದರಲ್ಲಿ ಕಂಪನದ ವೇಗವನ್ನು ಡೆಸಿಬಲ್‌ನಲ್ಲಿ ಹೇಳುತ್ತಾರೆ. ಸೆಕೆಂಡಿಗೆ ಒಂದು ಇಂಚಿನ ಹತ್ತು ಲಕ್ಷದಲ್ಲಿ ಒಂದು ಪಾಲು ಅಂದರೆ ಸೊನ್ನೆ. 72 ಡೆಸಿಬಲ್ ಅಂದರೆ ಸೆಕೆಂಡಿಗೆ 0.1 ಮಿ.ಮೀ. ದಿನಕ್ಕೆ 70ಕ್ಕಿಂತ ಹೆಚ್ಚು ರೈಲು ಓಡುವ ಕಡೆ ವಾಸದ ಮನೆಗೆ ಈ 72 ನಡುಕದ ಮಿತಿ. ಸಪ್ಪಳದ ಮಿತಿ 35 ಡೆಸಿಬಲ್ ಎ, ಅಂದರೆ ಕಿವಿಗೆ ಕೇಳುವ ರೀತಿಗೆ ಹೊಂದಿಸಿದ ಡೆಸಿಬಲ್.

ನಿಮ್ಮ ಫ್ಲ್ಯಾಟಿನ ಅಡಿಪಾಯದಿಂದ ಹಳಿ 16 ಮೀಟರ್ ಕೆಳಗೆ, 12 ಮೀಟರ್ ಪಕ್ಕಕ್ಕೆ ಇದೆ ಅಂತಿಟ್ಟುಕೊಳ್ಳಿ. ಓರೆ ದೂರ 20 ಮೀಟರ್. ಗಂಟೆಗೆ 80 ಕಿ.ಮೀ. ವೇಗದ ಮೆಟ್ರೊಗೆ ಆ ದೂರದಲ್ಲಿ ಕೈಪಿಡಿಯ ರೇಖೆ (ದೂರಕ್ಕೆ ತಕ್ಕ ಕಂಪನದ ಗ್ರಾಫ್) 71 ಡೆಸಿಬಲ್ ಕೊಡುತ್ತದೆ. ವೇಗ 65 ಆದರೆ 2 ಕಳೆಯಿರಿ. ಮೊದಲು ಮಣ್ಣಿನ ಲೆಕ್ಕ. ಎರಡು ಮಹಡಿಯ ಇಟ್ಟಿಗೆ ಕಟ್ಟಡ ಮಣ್ಣಿನ ಮೇಲೆ ಕೂತಿದ್ದರೆ ನೆಲದಿಂದ ಅಡಿಪಾಯಕ್ಕೆ ದಾಟುವಾಗ 7 ಕಡಿಮೆಯಾಗುತ್ತದೆ, ಒಂದು ಮಹಡಿ ಮೇಲೆ ಹೋಗುವಾಗ 2 ಕಡಿಮೆ, ಸ್ಲ್ಯಾಬ್ ತನ್ನದೇ ತಾಳಕ್ಕೆ ಕುಣಿಯುವುದರಿಂದ 6 ಜಾಸ್ತಿ. ಉಳಿದದ್ದು 66. ಸಪ್ಪಳಕ್ಕೆ ಬದಲಿಸಲು ಸಾಮಾನ್ಯ ಮಣ್ಣಿನಲ್ಲಿ 35 ಕಳೆಯಬೇಕು, ಬರುವುದು 31. ಎರಡೂ ಮಿತಿಯೊಳಗೆ ಇವೆ.

ಈಗ ಕರಿಕಲ್ಲು. ಸುರಂಗ ಬಂಡೆಯಲ್ಲಿದ್ದರೆ 15 ಕಳೆಯಿರಿ. ಆದರೆ ಅಡಿಪಾಯವೂ ಬಂಡೆಯ ಮೇಲಿದ್ದರೆ ಆ 7ರ ರಿಯಾಯಿತಿ ಸಿಗುವುದಿಲ್ಲ. ನಡುಕ 58ಕ್ಕೆ ಇಳಿಯಿತು, ಏಜೆಂಟ್ ಗೆದ್ದ. ಆದರೆ ಬಂಡೆ ಹೆಚ್ಚು ಹರ್ಟ್ಸ್‌ನ ಕಂಪನವನ್ನು ನುಂಗದೆ ಮುಂದೆ ಸಾಗಿಸುತ್ತದೆ, ಕಿವಿಗೆ ಬೇಗ ಕೇಳುವುದೂ ಅದೇ. ಹಾಗಾಗಿ ಇಲ್ಲಿ ಕಳೆಯುವುದು 35 ಅಲ್ಲ, 20. ಬರುವುದು 38. ನಡುಕದಲ್ಲಿ ಪಾಸ್, ಸಪ್ಪಳದಲ್ಲಿ ನಾಪಾಸ್.

ಚಕ್ರ ಅಥವಾ ಹಳಿ ಸವೆದು ಅಲೆಯಲೆಯಾಗಿದ್ದರೆ ಎರಡೂ ಲೆಕ್ಕಕ್ಕೆ 10 ಸೇರಿಸಿ. ಆಗ ಮಣ್ಣಿನ ಮೇಲಿನ ಮನೆಯೂ 41ಕ್ಕೆ ಹೋಗುತ್ತದೆ. ಹಳಿ ಕವಲೊಡೆಯುವ ಕ್ರಾಸಿಂಗ್ ಮನೆಯ ಕೆಳಗೇ ಇದ್ದರೂ ಅಷ್ಟೇ, ಇನ್ನೊಂದು 10. ಸುರಂಗದ ನಕ್ಷೆಯಲ್ಲಿ ಮೊದಲು ಹುಡುಕಬೇಕಾದ್ದು ಕ್ರಾಸಿಂಗ್ ಎಲ್ಲಿದೆ ಅನ್ನುವುದನ್ನೇ.

ಆ ರೇಖೆಗಳು ಚೆನ್ನಾಗಿ ನಿರ್ವಹಿಸಿದ ಮಾರ್ಗಗಳ ಅಳತೆಗಳಲ್ಲಿ ಮೇಲಿನ ಅಂಚನ್ನು ಹಿಡಿದವು, ಅಂದರೆ ಸ್ವಲ್ಪ ಜಾಸ್ತಿಯೇ ಹೇಳುತ್ತವೆ. ಮೇಲಾಗಿ ಇಂಥ ಕಾಗದದ ಲೆಕ್ಕ 10 ಡೆಸಿಬಲ್ ಆಚೀಚೆ ಆಗುವುದು ಸಹಜ. 38.4 ಅಂತ ದಶಮಾಂಶದಲ್ಲಿ ಬರೆದುಕೊಟ್ಟ ವರದಿ ಕಂಡರೆ ನಮಗೆ ನಗು ಬರುತ್ತದೆ.

ಕೊನೆಗೆ ಒಂದು ಮಾತು. ಶಿವಾಜಿನಗರದಿಂದ ಸ್ವಾರಗೇಟ್‌ವರೆಗೆ ಸುರಂಗದಲ್ಲಿ 2024ರಿಂದಲೇ ರೈಲು ಓಡುತ್ತಿದೆ. ಮಗಳು ನೋಡಿದ ಫ್ಲ್ಯಾಟ್ ಆ ದಾರಿಯಲ್ಲಿದ್ದರೆ ಲೆಕ್ಕ ಯಾಕೆ ಬೇಕು? ರಾತ್ರಿ ಒಂಬತ್ತರ ಮೇಲೆ ಹೋಗಿ, ಫ್ಯಾನು, ಫ್ರಿಜ್ಜು ಬಂದ್ ಮಾಡಿ, ಮಲಗುವ ಕೋಣೆಯಲ್ಲಿ ಆರು ರೈಲು ದಾಟುವವರೆಗೆ ಸುಮ್ಮನೆ ಕೂರಲಿ. ಮೊಬೈಲ್ ಆ್ಯಪ್ ನಂಬಬೇಡಿ. ಇಷ್ಟು ಸಣ್ಣ ಕಂಪನ ಫೋನಿನ ಸೆನ್ಸರಿನ ಸ್ವಂತ ಗದ್ದಲದಲ್ಲೇ ಮುಳುಗುತ್ತದೆ. ಫ್ಲ್ಯಾಟ್ ಸ್ವಾರಗೇಟ್‌ನಿಂದ ಕಾತ್ರಜ್‌ವರೆಗಿನ ವಿಸ್ತರಣೆಯ ಕಡೆ ಇದ್ದರೆ ಮಾತ್ರ ಮೇಲಿನ ಲೆಕ್ಕ ಬೇಕಾಗುತ್ತದೆ.

ಪ್ರಶ್ನೆ: ಸುರಂಗ ಕೊರೆಯುವ ಮೊದಲೇ ಕಂಪನ ಎಷ್ಟು ಬರುತ್ತದೆ ಎಂದು ಬೋರ್‌ಹೋಲ್ ಪರೀಕ್ಷೆಯಿಂದ ತಿಳಿಯಬಹುದಂತೆ. ಪ್ರಾಜೆಕ್ಟಿಗೆ ಮಾಡಿ ನೋಡುವ ಆಸೆ. ಹೇಗೆ ಮಾಡುತ್ತಾರೆ, ಎಲ್ಲಿ ತಪ್ಪುತ್ತದೆ? (ಬಾಗಲಕೋಟೆಯ ಎಂಜಿನಿಯರಿಂಗ್ ವಿದ್ಯಾರ್ಥಿ)

ಉತ್ತರ: ವಿಚಾರ ಸರಳ. ಸುರಂಗ ಬರಬೇಕಾದ ಆಳದಲ್ಲಿ ತೂಕದಿಂದ ಹೊಡೆದು, ಎಷ್ಟು ಬಲದಿಂದ ಹೊಡೆದೆವು ಅನ್ನುವುದನ್ನು ಕೆಳಗೆ ಅಳೆದು, ನೆಲದ ಮೇಲೆ ಎಷ್ಟು ವೇಗದ ಕಂಪನ ಬಂತು ಅಂತ ನೋಡುವುದು. ಎರಡರ ಅನುಪಾತಕ್ಕೆ ಟ್ರಾನ್ಸ್‌ಫರ್ ಮೊಬಿಲಿಟಿ ಅನ್ನುತ್ತಾರೆ. ಅದು ನೆಲದ ಗುಣ, ರೈಲಿಗೂ ಅದಕ್ಕೂ ಸಂಬಂಧವಿಲ್ಲ. ರೈಲು ಹಳಿಯ ಉದ್ದಕ್ಕೂ ಕೊಡುವ ಬಲಕ್ಕೆ ಫೋರ್ಸ್ ಡೆನ್ಸಿಟಿ ಅನ್ನುತ್ತಾರೆ. ಡೆಸಿಬಲ್‌ನಲ್ಲಿ ಫೋರ್ಸ್ ಡೆನ್ಸಿಟಿ, ಟ್ರಾನ್ಸ್‌ಫರ್ ಮೊಬಿಲಿಟಿ, ಕಟ್ಟಡದ ತಿದ್ದುಪಡಿ ಮೂರನ್ನೂ ಕೂಡಿದರೆ ಕೋಣೆಯ ಕಂಪನ. ಇದನ್ನು ಹರ್ಟ್ಸ್ ಲೆಕ್ಕದ ಸಣ್ಣ ಸಣ್ಣ ಪಟ್ಟಿಗಳಾಗಿ ಒಡೆದು, ಮೂರನೇ ಒಂದು ಆಕ್ಟೇವ್‌ನ ಪ್ರತಿ ಪಟ್ಟಿಗೂ ಬೇರೆಯಾಗಿ ಮಾಡಬೇಕು, ಒಟ್ಟು ಸಂಖ್ಯೆಗಲ್ಲ.

ಹೊಡೆಯಲು ಹೊಸ ಯಂತ್ರ ಬೇಡ. ಮಣ್ಣು ಪರೀಕ್ಷೆಗೆ ಎಲ್ಲ ಕಡೆ ಬರುವ ಎಸ್‌ಪಿಟಿ (ಸ್ಟ್ಯಾಂಡರ್ಡ್ ಪೆನೆಟ್ರೇಶನ್ ಟೆಸ್ಟ್) ಸುತ್ತಿಗೆಯೇ ಸಾಕು: 63.5 ಕೆ.ಜಿ. ತೂಕ, 75 ಸೆಂ.ಮೀ. ಬೀಳು. ಡ್ರಿಲ್ ರಾಡಿನ ತುದಿಯಲ್ಲಿ, ಬೋರಿನ ತಳಕ್ಕೆ, ಬಲ ಅಳೆಯುವ ಲೋಡ್‌ಸೆಲ್ ಕೂರಿಸಿ. ಮೇಲೆ ರಾಡಿನ ತಲೆಗೆ ಲೋಡ್‌ಸೆಲ್ ಕಟ್ಟಿ ಕೆಲಸ ಮುಗಿಸುವವರಿದ್ದಾರೆ. 20 ಮೀಟರ್ ರಾಡು ತಾನೇ ಬಳುಕಿ, ಕೇಸಿಂಗಿಗೆ ತಾಗಿ ತಿಂದ ಬಲವೆಲ್ಲ ಆಗ ಮಣ್ಣಿನ ಲೆಕ್ಕಕ್ಕೆ ಬೀಳುತ್ತದೆ. ಸುರಂಗದ ನೆತ್ತಿ, ನಡು, ತಳ ಮೂರು ಆಳದಲ್ಲೂ ಹೊಡೆಯಿರಿ, ಪ್ರತಿ ಆಳಕ್ಕೆ ಕನಿಷ್ಠ 20 ಹೊಡೆತ. ನೆಲದ ಮೇಲೆ ಬೋರಿನಿಂದ 5, 10, 20, 30, 45 ಮೀಟರ್‌ಗೆ ಒಂದೊಂದು ಜಿಯೋಫೋನ್ (ನೆಲದ ಕಂಪನ ಅಳೆಯುವ ಸೆನ್ಸರ್). 4.5 ಹರ್ಟ್ಸ್‌ನವು ಸುಲಭವಾಗಿ ಸಿಗುತ್ತವೆ. ಸೆಕೆಂಡಿಗೆ 2000 ಸಲ ಅಳೆದು ದಾಖಲಿಸಿದರೆ ಸಾಕು.

ಒಂದು ಬೋರಿನ ಹೊಡೆತ ಒಂದು ಬಿಂದು, ರೈಲು ಒಂದು ಗೆರೆ. ರೈಲಿನ ಉದ್ದಕ್ಕೂ ಬಿಂದುಗಳನ್ನು ಜೋಡಿಸಿ ಅವುಗಳ ಶಕ್ತಿಯನ್ನು ಕೂಡುವ ಹಂತ ಇನ್ನೂ ಇದೆ. ಇದನ್ನು ಮರೆತ ವರದಿ ಕಂಪನವನ್ನು ಕಡಿಮೆ ಹೇಳುತ್ತದೆ.

ತಪ್ಪುವುದು ಹೆಚ್ಚಾಗಿ ನೆಲದ ಮೇಲೆಯೇ. ಘಟಪ್ರಭಾ, ಮಲಪ್ರಭಾ ಬಯಲಿನ ಎರಿಭೂಮಿ ಏಪ್ರಿಲ್‌ನಲ್ಲಿ ಕೈ ಹಿಡಿಸುವಷ್ಟು ಬಿರುಕು ಬಿಡುತ್ತದೆ. ಆ ಹೆಂಟೆಯ ಮೇಲೆ ಜಿಯೋಫೋನ್ ಚುಚ್ಚಿದರೆ ಅಳೆದದ್ದು ಆ ಹೆಂಟೆಯ ಕುಣಿತ. ಅರ್ಧ ಮೀಟರ್ ಅಗೆದು, ಗಟ್ಟಿ ಮಣ್ಣು ಸಿಕ್ಕಮೇಲೆ ಕೂರಿಸಿ, ಸುತ್ತ ಮಣ್ಣು ತುಂಬಿ ಒತ್ತಿ. ಅದೇ ಜಾಗವನ್ನು ಮಳೆಗಾಲದ ನಂತರ ಇನ್ನೊಮ್ಮೆ ಅಳೆದರೆ ನೆಲ ಎಷ್ಟು ಬದಲಾಯಿತು ಅಂತ ಗೊತ್ತಾಗುತ್ತದೆ, ಪ್ರಾಜೆಕ್ಟಿಗೆ ಅದೇ ಒಳ್ಳೆಯ ಅಧ್ಯಾಯ. ಸುತ್ತಿಗೆಯ ಹೊಡೆತದಲ್ಲಿ ಕಡಿಮೆ ಹರ್ಟ್ಸ್‌ನ ಶಕ್ತಿ ತೀರ ಸ್ವಲ್ಪ. ಸುಮಾರು 10 ಹರ್ಟ್ಸ್‌ಗಿಂತ ಕೆಳಗೆ ಬಲಕ್ಕೂ ಕಂಪನಕ್ಕೂ ತಾಳೆ ಬೀಳದೆ ಕೊಹೆರೆನ್ಸ್ ಕುಸಿಯುತ್ತದೆ. ಅಲ್ಲಿನ ಅಂಕಿಗಳನ್ನು ಗ್ರಾಫಿನಿಂದ ತೆಗೆದುಬಿಡಿ, ನಯವಾಗಿ ಗೆರೆ ಎಳೆದು ಮುಚ್ಚಬೇಡಿ. ಹೊಡೆಯುವ ಮೊದಲು ಹತ್ತು ನಿಮಿಷ ಸುಮ್ಮನೆ ದಾಖಲಿಸಿ. ಪಕ್ಕದ ಹೊಲದ ಪಂಪ್‌ಸೆಟ್ಟು ಸುಮಾರು 24 ಅಥವಾ 48 ಹರ್ಟ್ಸ್‌ನಲ್ಲಿ ಗೀಟು ಎಳೆದಂತೆ ಕಾಣಿಸಿಕೊಳ್ಳುತ್ತದೆ, ಅದನ್ನು ನೆಲದ ಗುಣ ಅಂದುಕೊಂಡವರುಂಟು.

ಫೋರ್ಸ್ ಡೆನ್ಸಿಟಿ ಎಲ್ಲಿಂದ ತರುವುದು? ಅದೇ ಬಗೆಯ ರೈಲು, ಅದೇ ಬಗೆಯ ಹಳಿಜೋಡಣೆ ಇರುವ ಓಡುತ್ತಿರುವ ಸುರಂಗದ ಬಳಿ ಕಂಪನ ಅಳೆದು, ಅಲ್ಲಿನ ಟ್ರಾನ್ಸ್‌ಫರ್ ಮೊಬಿಲಿಟಿಯನ್ನು ಅದರಿಂದ ಕಳೆಯಬೇಕು. ಬೇರೆ ಹಳಿಯಿಂದ ಎರವಲು ತಂದರೆ ಕೆಟ್ಟಿತು. ರೈಲಿನ ಸ್ಪ್ರಿಂಗಿನ ಕೆಳಗಿನ ಭಾರ ಒಂದು ಚಕ್ರಕ್ಕೆ 700 ಕೆ.ಜಿ., ಹಳಿಯ ಗಡಸು ಮೀಟರಿಗೆ 8 ಕೋಟಿ ನ್ಯೂಟನ್ ಇದ್ದರೆ ಆ ಜೋಡಿ 54 ಹರ್ಟ್ಸ್‌ನಲ್ಲಿ ಕುಣಿಯುತ್ತದೆ. ಗಡಸು ಅರ್ಧವಾದರೆ 38ಕ್ಕೆ ಬರುತ್ತದೆ. ಶಿಖರ ಜಾಗ ಬದಲಿಸಿದರೆ ನಿಮ್ಮ ಮನೆಯ ಸ್ಲ್ಯಾಬಿನ ತಾಳಕ್ಕೆ ಸಿಗಲೂಬಹುದು, ತಪ್ಪಲೂಬಹುದು. ಹಳಿಯನ್ನು ಹಿಡಿಯುವ ಕ್ಲಿಪ್ಪುಗಳ ಅಂತರವನ್ನೂ ಬರೆದುಕೊಳ್ಳಿ: 0.6 ಮೀಟರ್ ಅಂತರ, 65 ಕಿ.ಮೀ. ವೇಗಕ್ಕೆ 30 ಹರ್ಟ್ಸ್‌ನಲ್ಲಿ ಒಂದು ಗೀಟು ಬರಲೇಬೇಕು. ಬರದಿದ್ದರೆ ನಿಮ್ಮ ವೇಗದ ದಾಖಲೆಯನ್ನೇ ಮೊದಲು ಅನುಮಾನಿಸಿ.

ಪ್ರಶ್ನೆ: ಇಷ್ಟೆಲ್ಲ ಅಳೆಯುವ ಬದಲು ಒಳ್ಳೆಯ ಸಾಫ್ಟ್‌ವೇರ್‌ನಲ್ಲಿ ಮಾಡೆಲ್ ಮಾಡಿದರೆ ಆಗದೇ? ಯಾವುದು ಒಳ್ಳೆಯದು? (ಬೆಳಗಾವಿಯ ಸಿವಿಲ್ ಎಂಜಿನಿಯರ್)

ಉತ್ತರ: ಪ್ರಶ್ನೆಯಲ್ಲಿ ‘ಬದಲು’ ಅನ್ನುವ ಪದವನ್ನು ‘ಜೊತೆಗೆ’ ಅಂತ ಮಾಡಿಕೊಳ್ಳಿ.

ಮೊದಲ ಅಂದಾಜಿಗೆ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಫಾರೆಸ್ಟ್ ಮತ್ತು ಹಂಟ್ ರೂಪಿಸಿದ ‘ಪೈಪ್ ಇನ್ ಪೈಪ್’ ಮಾದರಿ ಚೆನ್ನಾಗಿದೆ. ಸುರಂಗವನ್ನು ಒಂದು ಕೊಳವೆ, ಸುತ್ತಲಿನ ನೆಲವನ್ನು ಇನ್ನೊಂದು ದಪ್ಪ ಕೊಳವೆ ಅಂತ ಎಣಿಸಿ, ಸಾಮಾನ್ಯ ಕಂಪ್ಯೂಟರಿನಲ್ಲೇ ಬೇಗ ಉತ್ತರ ಕೊಡುತ್ತದೆ. ಹಳಿಯ ಪ್ಯಾಡ್ ಬದಲಿಸಿದರೆ ಏನಾಗುತ್ತದೆ, ಸುರಂಗ 5 ಮೀಟರ್ ಆಳಕ್ಕೆ ಹೋದರೆ ಏನಾಗುತ್ತದೆ ಅನ್ನುವ ಹೋಲಿಕೆಗೆ ಇದೇ ಸರಿ. ಸುರಂಗ ಉದ್ದಕ್ಕೂ ಒಂದೇ ಥರ ಇದೆ ಅಂತ ಹಿಡಿದು ಅಡ್ಡ ಕೊಯ್ತವನ್ನಷ್ಟೇ ಬಲೆ ಮಾಡುವ ಎರಡೂವರೆ ಆಯಾಮದ ಮಾದರಿಗಳು ಅದರ ಮುಂದಿನ ಮೆಟ್ಟಿಲು.

ನೆಲವನ್ನು ಬಲೆಯಂತೆ ಸಣ್ಣ ತುಂಡುಗಳಾಗಿ (ಎಲಿಮೆಂಟ್) ಒಡೆದು ಲೆಕ್ಕ ಹಾಕುವ ಪೂರ್ತಿ ಮೂರು ಆಯಾಮದ ಫೈನೈಟ್ ಎಲಿಮೆಂಟ್ ಮಾಡುವವರು ಬಲೆಯ ಕಣ್ಣು ನೋಡಿಕೊಳ್ಳಬೇಕು. ಅತಿ ಚಿಕ್ಕ ಅಲೆಯ ಉದ್ದದಲ್ಲಿ ಆರರಿಂದ ಎಂಟು ಎಲಿಮೆಂಟ್ ಕೂರಬೇಕು. ಅಡ್ಡ ಅಲೆ ಸೆಕೆಂಡಿಗೆ 150 ಮೀಟರ್ ಸಾಗುವ ಮೆತ್ತನೆ ಮಣ್ಣಿನಲ್ಲಿ 100 ಹರ್ಟ್ಸ್‌ನ ಅಲೆ 1.5 ಮೀಟರ್, ಹಾಗಾಗಿ ಎಲಿಮೆಂಟ್ 20 ಸೆಂ.ಮೀ. 250 ಹರ್ಟ್ಸ್‌ವರೆಗೆ ಬೇಕೆಂದರೆ 8 ಸೆಂ.ಮೀ. ಒಂದು ಮೀಟರ್ ಕಣ್ಣಿನ ಬಲೆ ಹಾಕಿ ‘ಹೆಚ್ಚು ಹರ್ಟ್ಸ್‌ನ ಕಂಪನ ಮೇಲೆ ಬರುವುದೇ ಇಲ್ಲ’ ಎಂದು ಬರೆದರೆ, ಅದನ್ನು ತಡೆದದ್ದು ಮಣ್ಣಲ್ಲ, ಬಲೆ.

ಯಾವ ಸಾಫ್ಟ್‌ವೇರ್ ಬಳಸಿದರೂ ದೊಡ್ಡ ಅನಿಶ್ಚಿತತೆ ನೆಲದ್ದೇ. ಎರಿಮಣ್ಣು, ಅದರಡಿ ಗರಸು, ಅದರಡಿ ಕರಿಕಲ್ಲು ಅನ್ನುವ ಪದರಗಳ ದಪ್ಪ ಎರಡು ಬೋರುಗಳ ನಡುವೆ ಬದಲಾಗಬಹುದು. ಸುರಂಗದ ಸಿಮೆಂಟ್ ಉಂಗುರಕ್ಕೂ ನೆಲಕ್ಕೂ ನಡುವೆ ಗ್ರೌಟ್ (ತೆಳು ಗಾರೆ) ತುಂಬದೆ ಉಳಿದ ಪೊಳ್ಳು, ಪಕ್ಕದಲ್ಲಿರುವ ಜೋಡಿ ಸುರಂಗ, ಕಟ್ಟಡದ ಪೈಲ್‌ಗಳು ಒಂದೊಂದೂ ಕೆಲವು ಪಟ್ಟಿಗಳಲ್ಲಿ 5ರಿಂದ 10 ಡೆಸಿಬಲ್ ಏರುಪೇರು ಮಾಡುತ್ತವೆ. ವಿಜಯಪುರದ ತೊರವಿ ಕಡೆಯ ಆದಿಲಶಾಹಿ ಸುರಂಗ ಬಾವಡಿಯಂಥ ಹಳೆಯ ನೀರಿನ ಸುರಂಗ ನೆಲದಲ್ಲಿ ಅಡಗಿದ್ದರೆ ಅಲೆ ಅಲ್ಲಿಗೆ ಬಂದು ತಿರುಗುತ್ತದೆ, ಮಾಡೆಲ್‌ಗೆ ಅದರ ಸುಳಿವೂ ಇರುವುದಿಲ್ಲ. ಐಎಸ್‌ಒ 14837 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಮೊದಲ ಭಾಗ (2005) ಮಾದರಿಗಳನ್ನು ಮೂರು ಹಂತವಾಗಿ ವಿಂಗಡಿಸಿದ್ದು ಇದಕ್ಕೇ: ಮಾರ್ಗ ಹುಡುಕುವಾಗ ಒರಟು ಲೆಕ್ಕ, ಪರಿಸರ ಅನುಮತಿಯ ಹೊತ್ತಿಗೆ ಅಳತೆ ಬೆರೆತ ಲೆಕ್ಕ, ವಿನ್ಯಾಸಕ್ಕೆ ಸೂಕ್ಷ್ಮ ಲೆಕ್ಕ. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಲೈಸೆನ್ಸಿಗಿಂತ ಇನ್ನೆರಡು ಬೋರಿಗೆ ಹಾಕಿ.

ಪ್ರಶ್ನೆ: ಗೋಳಗುಮ್ಮಟದ ಹತ್ತಿರವೇ ರೈಲು ಹಾದುಹೋಗುತ್ತದೆ. ಅದರಿಂದ ಗುಮ್ಮಟಕ್ಕೆ ಧಕ್ಕೆ ಇಲ್ಲವೇ? (ವಿಜಯಪುರದ ಓದುಗರು)

ಉತ್ತರ: ಅದು ನೆಲದ ಮೇಲಿನ ಹಳಿ, ಸುರಂಗವಲ್ಲ. ಮೇಲಿನ ಹಳಿಯಿಂದ ಅಲೆ ಹೆಚ್ಚಾಗಿ ನೆಲದ ಮೈಗುಂಟ ಸಾಗುತ್ತದೆ, ಸುರಂಗದ್ದು ಒಡಲಿನಿಂದ ಮೇಲೇರುತ್ತದೆ. ಆದ್ದರಿಂದ ಒಂದರ ಅಳತೆಯನ್ನು ಇನ್ನೊಂದಕ್ಕೆ ಹಾಕುವಂತಿಲ್ಲ.

ಮಿತಿಗಳು ಹೀಗಿವೆ. ಗಣಿ ಸ್ಫೋಟದ ಕಂಪನಕ್ಕೆ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ 1997ರಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿ ಐತಿಹಾಸಿಕ ಕಟ್ಟಡಗಳಿಗೆ 8 ಹರ್ಟ್ಸ್‌ಗಿಂತ ಕೆಳಗೆ ಸೆಕೆಂಡಿಗೆ 2 ಮಿ.ಮೀ., 8ರಿಂದ 25ರವರೆಗೆ 5, ಅದರ ಮೇಲೆ 10. ಜರ್ಮನಿಯ ಡಿಐಎನ್ 4150 ಮಾನದಂಡ ಇನ್ನೂ ಒಂದು ಮಾತು ಸೇರಿಸುತ್ತದೆ: ಮತ್ತೆ ಮತ್ತೆ ಬರುವ ಕಂಪನಕ್ಕೆ ಸೂಕ್ಷ್ಮ ಕಟ್ಟಡದ ಮೇಲ್ಮಟ್ಟದಲ್ಲಿ ಅಡ್ಡ ದಿಕ್ಕಿಗೆ 2.5 ಮಿ.ಮೀ. ಎಂಜಿನ್ ಎಳೆಯುವ ರೈಲಿಗೆ ಅಮೆರಿಕದ ಅದೇ ಕೈಪಿಡಿಯ ರೇಖೆ ಹಿಡಿದರೆ, 80 ಕಿ.ಮೀ. ವೇಗದಲ್ಲಿ ಹಳಿಯಿಂದ 15 ಮೀಟರ್‌ಗೆ ಶಿಖರ ಕಂಪನ ಸುಮಾರು 1.8 ಮಿ.ಮೀ., 90 ಮೀಟರ್‌ಗೆ ಸುಮಾರು 0.2. ನಿಲ್ದಾಣದ ಬಳಿ ವೇಗ ಅರ್ಧಕ್ಕಿಳಿದರೆ ಅದೂ ಅರ್ಧವಾಗುತ್ತದೆ. ಕೆಲವು ಮೀಟರ್ ದಪ್ಪ ಗೋಡೆಯ, 44 ಮೀಟರ್ ಅಗಲದ ಗುಮ್ಮಟಕ್ಕೆ ಅಂಥ ಸಂಖ್ಯೆಯಿಂದ ಹೆದರಿಕೆಯಿಲ್ಲ. ಅಳೆಯುವುದಾದರೆ ಮೂರು ದಿಕ್ಕಿನ ಸೆನ್ಸರನ್ನು ಪಾಯದ ಮಟ್ಟದಲ್ಲೊಂದು, ಗುಮ್ಮಟ ಕೂತ ಮಟ್ಟದಲ್ಲೊಂದು ಇಟ್ಟು, ಪ್ರವಾಸಿಗರಿಲ್ಲದ ರಾತ್ರಿ ಹೊತ್ತಿನಲ್ಲಿ ಗೂಡ್ಸ್ ದಾಟುವಾಗ ದಾಖಲಿಸಬೇಕು. ಹಗಲಿನಲ್ಲಿ ಪಿಸುಮಾತಿನ ಗ್ಯಾಲರಿಯ ಓಡಾಟವೇ ದಾಖಲೆ ತುಂಬುತ್ತದೆ.

ಪ್ರಶ್ನೆ: ಟಿಳಕವಾಡಿಯ ರೈಲ್ವೆ ಗೇಟಿನ ಹತ್ತಿರ ನಮ್ಮ ಮನೆ. ರೈಲು ಬಂದಾಗ ಕಿಟಕಿ ಗಾಜು ಗಡಗಡ ಅನ್ನುತ್ತದೆ, ಗೋಡೆಯಲ್ಲಿ ಬಿರುಕೂ ಇದೆ. ಇದು ನೆಲದ ಕಂಪನವೇ?

ಉತ್ತರ: ಗಾಜಿನ ಗಡಗಡ ಹೆಚ್ಚಾಗಿ ಎಂಜಿನ್ನಿನ ದಪ್ಪ ದನಿ ಗಾಳಿಯಲ್ಲಿ ಬಂದು ಮಾಡುವ ಕೆಲಸ. ಗಾಜಿನ ಅಂಚಿಗೆ ರಬ್ಬರ್ ಪಟ್ಟಿ ಒತ್ತಿ ನೋಡಿ, ನಿಂತರೆ ಅದೇ. ನೆಲದ್ದು ತಿಳಿಯಬೇಕೆಂದರೆ ಬರಿಗಾಲಲ್ಲಿ ಸ್ಲ್ಯಾಬಿನ ನಡುವೆ ನಿಲ್ಲಿ, ಮೂಲೆಯಲ್ಲಲ್ಲ. ಬಿರುಕಿನ ಪ್ರಶ್ನೆ ಬೇರೆ. ಮೈಗೆ ತಿಳಿಯುವ ಕಂಪನಕ್ಕೂ ಪ್ಲಾಸ್ಟರ್ ಸೀಳುವ ಕಂಪನಕ್ಕೂ ಹತ್ತಾರು ಪಟ್ಟು ಅಂತರವಿದೆ. ಬಾಗಿಲ ಮೂಲೆಯಿಂದ ಓರೆಯಾಗಿ ಏರಿ, ಬೇಸಿಗೆಯಲ್ಲಿ ಅಗಲವಾಗಿ ಮಳೆಗಾಲದಲ್ಲಿ ಕೂಡಿಕೊಳ್ಳುವ ಬಿರುಕಾದರೆ ಅದು ಎರಿಮಣ್ಣಿನ ಉಬ್ಬಿಳಿತ. ಬಿರುಕಿಗೆ ಅಡ್ಡಲಾಗಿ ಪೆನ್ಸಿಲ್ ಗೀಟು ಹಾಕಿ, ವರ್ಷ ಪೂರ್ತಿ ತಿಂಗಳಿಗೊಮ್ಮೆ ಅಳೆದಿಡಿ.

ಪ್ರಶ್ನೆ: ಫ್ಲೋಟಿಂಗ್ ಸ್ಲ್ಯಾಬ್ ಹಾಕಿದರೆ ಕಂಪನ ಪೂರಾ ನಿಲ್ಲುತ್ತದೆಯೇ? ಹಾಕಿದ ಮೇಲೂ ಕೆಲವೆಡೆ ದೂರು ಬರುವುದೇಕೆ? (ಮುಂಬೈನಲ್ಲಿ ಹಳಿ ಕೆಲಸದಲ್ಲಿರುವ ಇಂಡಿ ಊರಿನ ಓದುಗರು)

ಉತ್ತರ: ನಿಲ್ಲುವುದಿಲ್ಲ, ಕೆಲವು ಹರ್ಟ್ಸ್‌ನ ಮೇಲೆ ಮಾತ್ರ ಕಡಿಮೆಯಾಗುತ್ತದೆ. ಹಳಿ ಹೊತ್ತ ಸಿಮೆಂಟ್ ಹಾಸನ್ನು ಸ್ಪ್ರಿಂಗ್ ಅಥವಾ ರಬ್ಬರ್ ಮೇಲೆ ತೇಲಿಸುವುದು ಇದರ ಉಪಾಯ. ಉಕ್ಕಿನ ಸ್ಪ್ರಿಂಗ್ ಆದರೆ, 15.8ನ್ನು ಮಿ.ಮೀ.ನಲ್ಲಿ ಅಳೆದ ಕುಸಿತದ ವರ್ಗಮೂಲದಿಂದ ಭಾಗಿಸಿದರೆ ಹಾಸಿನ ಸ್ವಂತ ತಾಳ ಸಿಗುತ್ತದೆ. ಹಾಸಿನ ಭಾರಕ್ಕೆ 2.5 ಮಿ.ಮೀ. ಕುಸಿದರೆ 10 ಹರ್ಟ್ಸ್. ಪ್ರಯೋಜನ ಶುರುವಾಗುವುದು ಅದರ 1.4 ಪಟ್ಟಿನಿಂದ, ಅಂದರೆ 14 ಹರ್ಟ್ಸ್‌ನಿಂದ. 30 ಹರ್ಟ್ಸ್‌ನಲ್ಲಿ ಪುಸ್ತಕದ ಲೆಕ್ಕ 18 ಡೆಸಿಬಲ್ ಕೊಡುತ್ತದೆ, ಸುರಂಗದ ತಳ ತಾನೂ ಬಳುಕುವುದರಿಂದ ಕೈಗೆ ಸಿಗುವುದು ಅದಕ್ಕಿಂತ ಕಡಿಮೆ. 10 ಹರ್ಟ್ಸ್‌ನ ಸುತ್ತ ಮಾತ್ರ ಕಂಪನ ಮೊದಲಿಗಿಂತ ಹೆಚ್ಚುತ್ತದೆ. ಮೇಲಿರುವ ಕಟ್ಟಡದ ಸ್ಲ್ಯಾಬೂ ಅದೇ ತಾಳದ್ದಾದರೆ ದುಡ್ಡು ಕೊಟ್ಟು ನಡುಕ ಕೊಂಡಂತೆ. ಮುಂಬೈಯಂಥ ಕರಿಕಲ್ಲಿನ ಊರಿನಲ್ಲಿ ಸಮಸ್ಯೆ ಹೆಚ್ಚು ಹರ್ಟ್ಸ್‌ನದು, ಅಲ್ಲಿ ಇದು ಒಳ್ಳೆಯ ಆಯ್ಕೆಯೇ. ಕೊರತೆ ನಾಲ್ಕೈದು ಡೆಸಿಬಲ್ ಮಾತ್ರವಾದರೆ ಹಳಿಯಡಿ ಮೆತ್ತನೆ ಫಾಸ್ಟನರ್ (ಹಳಿ ಹಿಡಿಯುವ ಜೋಡಣೆ) ಹಾಕಿ, ಹಳಿಯನ್ನು ಸಕಾಲಕ್ಕೆ ಗ್ರೈಂಡ್ ಮಾಡಿಸಿದರೆ ಸಾಕು.

ಹಾಕಿದ ಮೇಲೂ ದೂರು ಬಂದರೆ ನಮ್ಮ ಮೊದಲ ಅನುಮಾನ ಹಾಸಿನ ಕೆಳಗಿನ ಖಾಲಿ ಸಂದು. ಅದು ಕೆಲವೇ ಸೆಂಟಿಮೀಟರ್. ಕಾಂಕ್ರೀಟ್ ಹಾಕುವಾಗ ಸೋರಿದ ಗಾರೆ, ಬಿಟ್ಟ ಸೆಂಟ್ರಿಂಗ್ ತುಂಡು, ಒಂದು ಬೋಲ್ಟು ಅಲ್ಲಿ ಸಿಕ್ಕಿಕೊಂಡರೂ ಹಾಸು ತೇಲುವುದಿಲ್ಲ, ಆ ಒಂದು ಬಿಂದುವಿನಿಂದ ಕಂಪನ ಸೀದಾ ಕೆಳಗಿಳಿಯುತ್ತದೆ. ಪಕ್ಕದ ಗೋಡೆಗೂ ಹಾಸಿಗೂ ನಡುವಿನ ಸಂದಿಗೆ ಯಾರೋ ಕೇಬಲ್ ಟ್ರೇ ಬಿಗಿದಿರುವುದೂ ಉಂಟು. ಚರಂಡಿ ಕಟ್ಟಿ ಕೆಸರು ತುಂಬಿದರೂ ಅದೇ ಕಥೆ. ರೈಲು ಓಡುವ ಮೊದಲು ಪ್ರತಿ ಹಾಸನ್ನೂ ರಬ್ಬರ್ ತಲೆಯ ದೊಡ್ಡ ಸುತ್ತಿಗೆಯಿಂದ ಹೊಡೆದು, ಹಾಸಿನ ಮೇಲೊಂದು, ಸುರಂಗದ ಗೋಡೆಯ ಮೇಲೊಂದು ಸೆನ್ಸರ್ ಇಟ್ಟು ನೋಡಿ. ಅಕ್ಕಪಕ್ಕದ ಹಾಸುಗಳು 10 ಹರ್ಟ್ಸ್ ತೋರಿಸುವಾಗ ಒಂದು ಮಾತ್ರ 17 ತೋರಿಸಿದರೆ, ಅದರ ಕೆಳಗೆ ಟಾರ್ಚ್ ಹಾಕಿ.